ಎರಡು ಆಯಾಮದ ಕಾಂತ ವಸ್ತುಗಳ ಪದರ ರಚನೆ: ಕ್ರೋಮಿಯಂ ಟ್ರೈಅಯೊಡೈಡ್ ಸುರಂಗ ಸಾಧನವನ್ನು ಕಟ್ಟುವ ಕ್ರಮ

ಕ್ರೋಮಿಯಂ ಟ್ರೈಅಯೊಡೈಡ್ ಎಂಬ ಕಪ್ಪಾದ, ಹೊಳಪುಳ್ಳ ಸ್ಫಟಿಕವನ್ನು ಒಂದೇ ಒಂದು ಪದರ ಉಳಿಯುವವರೆಗೆ ತೆಳುವಾಗಿಸಿದರೂ ಅದರ ಕಾಂತಗುಣ ಅಳಿಯುವುದಿಲ್ಲ ಎಂಬುದನ್ನು 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಯಾಡಾಂಗ್ ಷು ಮತ್ತು ಎಂಐಟಿಯ ಪಾಬ್ಲೊ ಹರಿಯೊ-ಹೆರೆರೊ ಅವರ ತಂಡಗಳು ಸೇರಿ ತೋರಿಸಿಕೊಟ್ಟವು. ಅದೇ ವರ್ಷ ಬರ್ಕ್ಲಿಯ ಶಿಯಾಂಗ್ ಝಾಂಗ್ ಅವರ ತಂಡವು ಕ್ರೋಮಿಯಂ ಜರ್ಮೇನಿಯಂ ಟೆಲ್ಲುರೈಡ್‌ನ ಎರಡು ಪದರಗಳಲ್ಲಿ ಇಂಥದೇ ಗುಣವನ್ನು ಕಂಡಿತು. ಸ್ಪಿನ್‌ಗಳಿಗೆ, ಅಂದರೆ ಇಲೆಕ್ಟ್ರಾನ್‌ಗಳು ಹೊತ್ತ ಪುಟ್ಟ ಕಾಂತಗಳಿಗೆ, ಎಲ್ಲ ದಿಕ್ಕುಗಳೂ ಸಮಾನವಾಗಿದ್ದರೆ ಎರಡು ಆಯಾಮದಲ್ಲಿ, ಶೂನ್ಯಕ್ಕಿಂತ ಹೆಚ್ಚಿನ ಯಾವ ತಾಪದಲ್ಲೂ ದೀರ್ಘ ವ್ಯಾಪ್ತಿಯ ಕಾಂತೀಯ ಕ್ರಮ ನಿಲ್ಲಲಾರದು ಎಂದು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿಯೇ ಸಾಧಿಸಿದ್ದರು. ಕ್ರೋಮಿಯಂ ಟ್ರೈಅಯೊಡೈಡ್‌ನಲ್ಲಿ ಸ್ಪಿನ್‌ಗಳು ಹಾಳೆಗೆ ಲಂಬವಾಗಿ ನಿಲ್ಲಲು ಒಲವು ತೋರುತ್ತವೆ. ಆ ಒಲವೇ ಒಂಟಿ ಪದರದ ಕಾಂತತ್ವವನ್ನು 45 ಕೆಲ್ವಿನ್‌ವರೆಗೆ ಕಾಯುತ್ತದೆ. ದಪ್ಪ ಸ್ಫಟಿಕದಲ್ಲಿ ಈ ಮಿತಿ 61 ಕೆಲ್ವಿನ್.

ಇಂಥ ಹಾಳೆಗಳನ್ನು ಬೇರೆ ಹಾಳೆಗಳೊಂದಿಗೆ ಒಂದರ ಮೇಲೊಂದು ಇಟ್ಟು ಸಾಧನ ಕಟ್ಟುವ ಬಗೆಯನ್ನು ಈ ಲೇಖನ ಹಂತ ಹಂತವಾಗಿ ವಿವರಿಸುತ್ತದೆ. ಭೌತವಿಜ್ಞಾನ ಅಥವಾ ವಸ್ತುವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ ಮುಗಿಸಿ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗೆ ಒಂದೇ ಸುರಂಗ ಸಾಧನವನ್ನು, ಅಂದರೆ ಇಲೆಕ್ಟ್ರಾನ್‌ಗಳು ತೆಳು ತಡೆಗೋಡೆಯೊಂದನ್ನು ಕ್ವಾಂಟಂ ನಿಯಮದಿಂದ ತೂರಿ ಹೋಗುವ ಸಾಧನವನ್ನು, ಆರಿಸಿಕೊಂಡಿದ್ದೇನೆ: ಎರಡು ತೆಳು ಗ್ರಾಫೈಟ್ ಚಕ್ಕೆಗಳ ನಡುವೆ ಎರಡರಿಂದ ನಾಲ್ಕು ಪದರಗಳ ಕ್ರೋಮಿಯಂ ಟ್ರೈಅಯೊಡೈಡ್, ಮೇಲೆ ಕೆಳಗೆ ಹೊದಿಕೆಯಾಗಿ ಷಟ್ಕೋನೀಯ ಬೋರಾನ್ ನೈಟ್ರೈಡ್. ಇದನ್ನು ಕಟ್ಟಬಲ್ಲವರು ಉಳಿದ ಹೆಚ್ಚಿನ ರಚನೆಗಳನ್ನೂ ಕಟ್ಟಬಲ್ಲರು. ಈ ಕೆಲಸದಲ್ಲಿ ಸಾಧನದ ಗತಿಯನ್ನು ತೀರ್ಮಾನಿಸುವುದು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಪದರಗಳ ಸರಿಯಾದ ಎಣಿಕೆ, ಎತ್ತುವ ಅನುಕ್ರಮ ಮತ್ತು ಕಾಂತ ಹಾಳೆ ಹೊದಿಕೆಯಿಲ್ಲದೆ ಕಳೆಯುವ ಕಾಲ, ಈ ಮೂರು ಎಂಬುದು ನನ್ನ ದೃಢವಾದ ನಂಬಿಕೆ.

ಯಾವ ವಸ್ತು, ಯಾವ ಉದ್ದೇಶಕ್ಕೆ

ವಸ್ತುವಿನ ಆಯ್ಕೆ ಅಳತೆಯ ಉದ್ದೇಶದಿಂದ ಹುಟ್ಟಬೇಕು. ಪದರಗಳ ನಡುವಿನ ಕಾಂತೀಯ ಸಂಬಂಧವನ್ನು, ಅದರಲ್ಲೂ ಅಕ್ಕಪಕ್ಕದ ಪದರಗಳ ಸ್ಪಿನ್‌ಗಳು ವಿರುದ್ಧ ದಿಕ್ಕಿಗೆ ನಿಲ್ಲುವ ಸ್ಥಿತಿಯನ್ನು ಅಭ್ಯಸಿಸಬೇಕಾದರೆ ಕ್ರೋಮಿಯಂ ಟ್ರೈಅಯೊಡೈಡ್‌ಗೆ ಸಾಟಿಯಿಲ್ಲ. ಲೋಹದ ಗುಣವುಳ್ಳ ಕಾಂತ ಬೇಕಾದರೆ ಐರನ್ ಜರ್ಮೇನಿಯಂ ಟೆಲ್ಲುರೈಡ್ ಇದೆ. ಮೂರು ಕಬ್ಬಿಣದ ಪರಮಾಣುಗಳುಳ್ಳ ಅದರ ರೂಪದ ದಪ್ಪ ಸ್ಫಟಿಕ ಸುಮಾರು 220 ಕೆಲ್ವಿನ್‌ವರೆಗೆ ಕಾಂತವಾಗಿರುತ್ತದೆ. ಅಂಥ ಎರಡು ಚಕ್ಕೆಗಳ ನಡುವೆ ಬೋರಾನ್ ನೈಟ್ರೈಡ್‌ನ ತೆಳು ಹಾಳೆಯನ್ನಿಟ್ಟು ಕಟ್ಟಿದ ಸುರಂಗ ಸಾಧನದಲ್ಲಿ ಜಿನೀವಾದ ಸಂಶೋಧಕರು 2018ರಲ್ಲಿ, 4.2 ಕೆಲ್ವಿನ್ ತಾಪದಲ್ಲಿ, ಶೇಕಡಾ 160ರಷ್ಟು ಕಾಂತನಿರೋಧವನ್ನು, ಅಂದರೆ ಕಾಂತಸ್ಥಿತಿ ಬದಲಾದಾಗ ವಿದ್ಯುತ್ ನಿರೋಧದಲ್ಲಾಗುವ ಬದಲಾವಣೆಯನ್ನು, ಅಳೆದರು. ಕೊಠಡಿಯ ತಾಪದಲ್ಲಿಯೂ ಕಾಂತವಾಗಿಯೇ ಇರಬೇಕೆಂದರೆ ಐರನ್ ಗ್ಯಾಲಿಯಂ ಟೆಲ್ಲುರೈಡ್‌ನತ್ತ ನೋಡಬೇಕು. ಟಂಗ್‌ಸ್ಟನ್ ಡೈಸೆಲೆನೈಡ್‌ನಂಥ ಅರೆವಾಹಕದ ಒಂಟಿ ಪದರವನ್ನು ಕ್ರೋಮಿಯಂ ಟ್ರೈಅಯೊಡೈಡ್ ಮೇಲೆ ಇಟ್ಟರೆ, ಹೊರಗಿನಿಂದ ಕಾಂತಕ್ಷೇತ್ರವನ್ನು ಹಾಕದೆಯೇ, ಸುಮಾರು 13 ಟೆಸ್ಲಾ ಕ್ಷೇತ್ರಕ್ಕೆ ಸಮನಾದ ಪರಿಣಾಮ ಆ ಅರೆವಾಹಕದ ಇಲೆಕ್ಟ್ರಾನ್‌ಗಳ ಮೇಲೆ ಆಗುತ್ತದೆ. ಎರಡು ಹಾಳೆಗಳ ಸಂಪರ್ಕತಲ ಮಾತ್ರವೇ ಇಷ್ಟನ್ನು ಮಾಡುತ್ತದೆ ಎಂದಾಗ ಆ ತಲದ ಶುಚಿತ್ವಕ್ಕೆ ಎಷ್ಟು ಬೆಲೆಯಿದೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಕೈಪಳಗುವವರೆಗೆ ಕ್ರೋಮಿಯಂ ಟ್ರೈಅಯೊಡೈಡ್ ಮುಟ್ಟದಿರುವುದೇ ಒಳಿತು. ಮೊದಲು ಗ್ರಾಫೈಟ್ ಮತ್ತು ಬೋರಾನ್ ನೈಟ್ರೈಡ್‌ಗಳಿಂದ ಸಾದಾ ರಚನೆಗಳನ್ನು ಕಟ್ಟಿ, ಆಮೇಲೆ ಕ್ರೋಮಿಯಂ ಸಲ್ಫೈಡ್ ಬ್ರೋಮೈಡ್‌ಗೆ ಬರಬೇಕು. ಇದು 132 ಕೆಲ್ವಿನ್ ಕೆಳಗೆ ಕಾಂತೀಯ ಕ್ರಮ ಪಡೆಯುತ್ತದೆ, ಗಾಳಿಯಲ್ಲಿ ಬೇಗ ಕೆಡುವುದಿಲ್ಲ, ಚಕ್ಕೆಗಳು ಉದ್ದನೆಯ ಪಟ್ಟಿಗಳಾಗಿ ಬಿಡಿಸಿಕೊಳ್ಳುವುದರಿಂದ ಸ್ಫಟಿಕದ ಅಕ್ಷ ಯಾವುದೆಂದು ಸೂಕ್ಷ್ಮದರ್ಶಕದಲ್ಲಿಯೇ ಗುರುತಿಸಬಹುದು. ಕ್ರೋಮಿಯಂ ಟ್ರೈಅಯೊಡೈಡ್ ಹಾಗಲ್ಲ. ತೆಳು ಚಕ್ಕೆ ಗಾಳಿಗೆ ತೆರೆದುಕೊಂಡರೆ ನಿಮಿಷಗಳಲ್ಲಿ ಕೆಡಲಾರಂಭಿಸುತ್ತದೆ. ತೇವಾಂಶದೊಂದಿಗೆ ಅದು ನಡೆಸುವ ಕ್ರಿಯೆಯನ್ನು ಬೆಳಕು ಇನ್ನಷ್ಟು ಚುರುಕುಗೊಳಿಸುತ್ತದೆ. ಸೂಕ್ಷ್ಮದರ್ಶಕದ ದೀಪದಡಿಯಲ್ಲಿ ಚಕ್ಕೆಯ ಅಂಚಿನಿಂದ ಹನಿಗಳು ಮೂಡಿದರೆ ಆ ಚಕ್ಕೆಯ ಆಸೆಯನ್ನು ಬಿಡಬೇಕು.

ನಕ್ಷೆ ಮೊದಲು, ಚಕ್ಕೆ ಆಮೇಲೆ

ಸ್ಫಟಿಕವನ್ನು ಹೊರತೆಗೆಯುವ ಮೊದಲು ಸಾಧನದ ನಕ್ಷೆಯನ್ನು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದುಕೊಳ್ಳಬೇಕು. ನಮ್ಮ ಸಾಧನದಲ್ಲಿ ಮೇಲಿನ ಗ್ರಾಫೈಟ್ ಪಟ್ಟಿ ಮತ್ತು ಕೆಳಗಿನ ಗ್ರಾಫೈಟ್ ಪಟ್ಟಿ ಒಂದನ್ನೊಂದು ಅಡ್ಡಹಾಯುತ್ತವೆ. ಅವು ಅಡ್ಡಹಾಯುವ ಜಾಗದಲ್ಲಿ ಮಾತ್ರ ಸುರಂಗ ಪ್ರವಾಹ ಹರಿಯಬೇಕು. ಆದುದರಿಂದ ಆ ಇಡೀ ಜಾಗವನ್ನು ಕಾಂತ ಚಕ್ಕೆ ನಾಲ್ಕೂ ಕಡೆಗಳಿಂದ ಮೀರಿ ಹರಡಿರಬೇಕು. ಒಂದು ಮೂಲೆಯಲ್ಲಿ ಎರಡು ಗ್ರಾಫೈಟ್‌ಗಳು ನೇರವಾಗಿ ತಾಗಿದರೂ ಇಡೀ ಪ್ರವಾಹ ಅಲ್ಲಿಂದಲೇ ನುಸುಳುತ್ತದೆ, ಸಾಧನ ಕೆಲಸಕ್ಕೆ ಬಾರದು. ಪ್ರತಿ ಬದಿಯಲ್ಲಿ ಎರಡು ಮೂರು ಮೈಕ್ರೊಮೀಟರ್‌ಗಳಷ್ಟು ಹೆಚ್ಚುವರಿ ಜಾಗ ಬಿಡುವುದು ಜಾಣತನ, ಏಕೆಂದರೆ ಎತ್ತುವಾಗ ಚಕ್ಕೆಗಳು ತುಸು ಜರುಗುವುದುಂಟು.

ಮೇಲಿನ ಬೋರಾನ್ ನೈಟ್ರೈಡ್ ಎಲ್ಲಕ್ಕಿಂತ ದೊಡ್ಡದಾಗಿರಬೇಕು. 40ರಿಂದ 60 ಮೈಕ್ರೊಮೀಟರ್ ಅಗಲ, 10ರಿಂದ 30 ನ್ಯಾನೊಮೀಟರ್ ದಪ್ಪ ಅನುಕೂಲಕರ. ಕೆಳಗಿನ ಬೋರಾನ್ ನೈಟ್ರೈಡ್ ಕಾಂತ ಚಕ್ಕೆಯನ್ನು ಪೂರ್ತಿಯಾಗಿ ಹೊರುವಷ್ಟು ದೊಡ್ಡದಾಗಿಯೂ, ಗ್ರಾಫೈಟ್ ಪಟ್ಟಿಗಳ ತುದಿಗಳು ಅದರ ಅಂಚಿನಾಚೆಗೆ ಚಾಚುವಷ್ಟು ಚಿಕ್ಕದಾಗಿಯೂ ಇರಬೇಕು. ಹೊರಚಾಚಿದ ಆ ತುದಿಗಳೇ ಮುಂಚಿತವಾಗಿ ಸಿದ್ಧಪಡಿಸಿಟ್ಟ ಚಿನ್ನದ ಇಲೆಕ್ಟ್ರೋಡ್‌ಗಳ ಮೇಲೆ ಕೂರುತ್ತವೆ. ಕಾಂತ ಹಾಳೆಯ ಹತ್ತಿರ ಅನಂತರ ಯಾವ ಲಿಥೊಗ್ರಫಿಯೂ (ಸೂಕ್ಷ್ಮ ನಕ್ಷೆ ಮೂಡಿಸುವ ವಿಧಾನ) ಬೇಡ, ಯಾವ ರಾಸಾಯನಿಕವೂ ಬೇಡ ಎಂಬುದು ಈ ವಿನ್ಯಾಸದ ದೊಡ್ಡ ಲಾಭ. ಬೋರಾನ್ ನೈಟ್ರೈಡನ್ನು ಪ್ಲಾಸ್ಮಾದಿಂದ ಕೊರೆದು ಗ್ರಾಫೈಟ್‌ನ ಅಂಚಿಗೆ ಲೋಹ ಕೂರಿಸುವ ದಾರಿಯೂ ಇದೆ. ಆದರೆ ಅದರಲ್ಲಿ ಹಂತಗಳು ಹೆಚ್ಚು, ಹೊದಿಕೆ ಬಿರಿಯುವ ಸಂದರ್ಭಗಳೂ ಹೆಚ್ಚು. ಮೊದಲ ಸಾಧನಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಇಲೆಕ್ಟ್ರೋಡ್‌ಗಳು ತೆಳುವಾಗಿರಲಿ: ಕೆಲವು ನ್ಯಾನೊಮೀಟರ್ ಟೈಟೇನಿಯಂ ಅಥವಾ ಕ್ರೋಮಿಯಂ, ಅದರ ಮೇಲೆ 20 ನ್ಯಾನೊಮೀಟರ್ ಆಸುಪಾಸು ಚಿನ್ನ. ದಪ್ಪ ಲೋಹದ ಮೆಟ್ಟಿಲಿನ ಮೇಲೆ ಹಾಳೆಗಳು ಬಾಗಿ ಬಿರುಕು ಬಿಡುತ್ತವೆ. ಅನಗತ್ಯ ಲೋಹವನ್ನು ಎತ್ತಿ ತೆಗೆದಾಗ ಅಂಚಿನಲ್ಲಿ ಉಳಿಯುವ ಚೂಪಾದ ಎದ್ದುನಿಂತ ಭಾಗಗಳು ಹಾಳೆಯನ್ನು ಚುಚ್ಚುತ್ತವೆ. ಇಲೆಕ್ಟ್ರೋಡ್ ಬರೆಯುವ ಸೌಲಭ್ಯ ತಮ್ಮಲ್ಲಿಲ್ಲದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವು ಕೇಂದ್ರ ಸರ್ಕಾರದ ನ್ಯಾನೊಇಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದಡಿ ತರಬೇತಿಯನ್ನೂ ಯಂತ್ರಗಳನ್ನು ಬಳಸುವ ಅವಕಾಶವನ್ನೂ ಕೊಡುತ್ತ ಬಂದಿದೆ. ಚಿನ್ನದ ನಕ್ಷೆಯಿರುವ ಚಿಪ್‌ಗಳನ್ನು ಒಮ್ಮೆಗೇ ಹತ್ತಾರು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಗ್ಲೌವ್ ಬಾಕ್ಸ್ ಒಳಗಿನ ಶಿಸ್ತು

ಕಾಂತ ಸ್ಫಟಿಕಕ್ಕೆ ಸಂಬಂಧಿಸಿದ ಎಲ್ಲ ಕೆಲಸವೂ ಆರ್ಗಾನ್ ಅಥವಾ ನೈಟ್ರೋಜನ್ ತುಂಬಿದ ಗ್ಲೌವ್ ಬಾಕ್ಸ್‌ನಲ್ಲಿ, ಅಂದರೆ ಅಳವಡಿಸಿದ ಕೈಗವಸುಗಳ ಮೂಲಕ ಒಳಗೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಯಲ್ಲಿ, ನಡೆಯಬೇಕು. ಆಮ್ಲಜನಕ ಮತ್ತು ನೀರಾವಿ ಎರಡೂ ಹತ್ತು ಲಕ್ಷಕ್ಕೆ ಅರ್ಧ ಭಾಗಕ್ಕಿಂತ ಕಡಿಮೆ ಇರಬೇಕು; ಹತ್ತು ಲಕ್ಷಕ್ಕೆ 0.1 ಭಾಗದ ಕೆಳಗಿದ್ದರೆ ನೆಮ್ಮದಿ. ಸೂಕ್ಷ್ಮದರ್ಶಕ ಮತ್ತು ಹಾಳೆ ವರ್ಗಾಯಿಸುವ ಉಪಕರಣ ಒಳಗೇ ಇರಬೇಕು. ಕ್ಯಾಮೆರಾದ ಚಿತ್ರವನ್ನು ಹೊರಗಿನ ಪರದೆಯಲ್ಲಿ ನೋಡುತ್ತ ಮೋಟಾರಿನಿಂದ ವೇದಿಕೆಯನ್ನು ನಡೆಸುವ ವ್ಯವಸ್ಥೆಯಿದ್ದರೆ ಕೈಗವಸಿನ ನಡುಕ ಕೆಲಸವನ್ನು ಕೆಡಿಸುವುದಿಲ್ಲ.

ಒಳಗೆ ಹೋಗುವ ಪ್ರತಿಯೊಂದು ವಸ್ತುವಿನ ಮೇಲೂ ನೀರಿನ ತೆಳು ಪೊರೆ ಇರುತ್ತದೆ ಎಂಬುದನ್ನು ಮರೆಯಬಾರದು. ಕಾಗದ, ಹತ್ತಿ, ಅಂಟುಪಟ್ಟಿಯ ಸುರುಳಿ, ಪಿಡಿಎಂಎಸ್ ರಬ್ಬರ್ ಇವೆಲ್ಲ ತೇವಾಂಶವನ್ನು ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ಬಿಡುತ್ತಿರುತ್ತವೆ. ಅವನ್ನು ಪ್ರವೇಶ ಕೋಶದಲ್ಲಿ ರಾತ್ರಿಯಿಡೀ ನಿರ್ವಾತದಲ್ಲಿಟ್ಟು ಮರುದಿನ ಒಳಗೆ ತರಬೇಕು. ಸಿಲಿಕಾನ್ ಚಿಪ್‌ಗಳನ್ನು ಹೊರಗೆ ಅಸಿಟೋನ್ ಮತ್ತು ಐಸೊಪ್ರೊಪನಾಲ್‌ಗಳಿಂದ ತೊಳೆದು, ಆಮ್ಲಜನಕದ ಪ್ಲಾಸ್ಮಾದಲ್ಲಿ ಕೆಲವು ನಿಮಿಷ ಶುಚಿಗೊಳಿಸಿ, ಒಳಗೆ ತಂದ ಮೇಲೆ ಕಾದ ತಟ್ಟೆಯ ಮೇಲೆ 150 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದಲ್ಲಿ ಒಣಗಿಸಬೇಕು. ಗ್ಲೌವ್ ಬಾಕ್ಸ್ ಇದೆ ಎಂಬ ಧೈರ್ಯದಲ್ಲಿ ಈ ಒಣಗಿಸುವಿಕೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಚಕ್ಕೆಯ ಕೆಳಗೆ ಸಿಕ್ಕಿಕೊಂಡ ನೀರಿಗೆ ಬಾಕ್ಸ್‌ನ ಅನಿಲ ಏನನ್ನೂ ಮಾಡಲಾರದು.

ಚಕ್ಕೆ ಬಿಡಿಸುವುದು ಮತ್ತು ಎಣಿಸುವುದು

ಗ್ರಾಫೈಟ್‌ನ ಒಂಟಿ ಪದರವಾದ ಗ್ರಾಫೀನನ್ನು ಪ್ರತ್ಯೇಕಿಸಲು ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಬಳಸಿದ ಅಂಟುಪಟ್ಟಿಯ ವಿಧಾನವೇ ಇಂದಿಗೂ ಉತ್ತಮ ಚಕ್ಕೆಗಳನ್ನು ಕೊಡುತ್ತದೆ. ಸ್ಫಟಿಕದ ಒಂದು ಚೂರನ್ನು ಪಟ್ಟಿಯ ಮೇಲಿಟ್ಟು, ಪಟ್ಟಿಯನ್ನು ಮಡಚಿ ಬಿಡಿಸುವುದನ್ನು ಐದಾರು ಬಾರಿ ಮಾಡಿ, ಸಿಲಿಕಾನ್ ಚಿಪ್ ಮೇಲೆ ಹಗುರವಾಗಿ ಒತ್ತಿ, ನಿಧಾನವಾಗಿ ಸುಲಿಯಬೇಕು. ಬೋರಾನ್ ನೈಟ್ರೈಡ್ ಮತ್ತು ಗ್ರಾಫೈಟ್‌ಗಳಿಗೆ ಚಿಪ್ಪನ್ನು 100 ಡಿಗ್ರಿಗೆ ಬಿಸಿಮಾಡಿ ಒತ್ತಿದರೆ ದೊಡ್ಡ ಚಕ್ಕೆಗಳು ಸಿಗುತ್ತವೆ. ಇವೆರಡನ್ನೂ ಹೊರಗೇ ಬಿಡಿಸಬಹುದು. ಪ್ರಪಂಚದ ಬಹುತೇಕ ಪ್ರಯೋಗಾಲಯಗಳು ಬಳಸುವ ಅತಿ ಶುದ್ಧ ಬೋರಾನ್ ನೈಟ್ರೈಡ್ ಜಪಾನಿನ ತ್ಸುಕುಬಾದಲ್ಲಿ ತನಿಗುಚಿ ಮತ್ತು ವತನಬೆ ಅವರು ಅಧಿಕ ಒತ್ತಡ, ಅಧಿಕ ತಾಪದಲ್ಲಿ ಬೆಳೆಸಿದ್ದು. ಹೊದಿಕೆಯ ಪದರಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಸ್ಫಟಿಕಗಳೂ ಸಾಕಾಗುತ್ತವೆ.

ಹೊದಿಕೆಯ ಚಕ್ಕೆಗಳನ್ನೂ ಗ್ರಾಫೈಟ್ ಪಟ್ಟಿಗಳನ್ನೂ ಮೊದಲೇ ಹುಡುಕಿ, ಸೂಕ್ಷ್ಮ ಮೊನೆಯಿಂದ ಮೇಲ್ಮೈಯ ಏರಿಳಿತ ಅಳೆಯುವ ಅಣುಬಲ ಸೂಕ್ಷ್ಮದರ್ಶಕದಲ್ಲಿ ಅವುಗಳ ಮೇಲ್ಮೈ ನೋಡಿ, ಅಂಟಿನ ಶೇಷವಾಗಲಿ ಮೆಟ್ಟಿಲಾಗಲಿ ಇಲ್ಲದವನ್ನು ಮಾತ್ರ ಉಳಿಸಿಕೊಂಡು ಒಳಗೆ ತಂದು ಒಣಗಿಸಿಟ್ಟಿರಬೇಕು. ಇದಾದ ಮೇಲೆಯೇ ಕಾಂತ ಸ್ಫಟಿಕದ ಡಬ್ಬಿಯನ್ನು ತೆರೆಯಬೇಕು. ಕ್ರೋಮಿಯಂ ಟ್ರೈಅಯೊಡೈಡ್ ಬಿಡಿಸಿದ ದಿನವೇ ಅದನ್ನು ಹೊದಿಸಿ ಮುಗಿಸುವಂತೆ ಕೆಲಸವನ್ನು ಜೋಡಿಸಿಕೊಳ್ಳುವುದು ಈ ಇಡೀ ಕ್ರಮದ ಜೀವಾಳ. ಒಳ್ಳೆಯ ಚಕ್ಕೆ ಸಿಕ್ಕಿದ ಮೇಲೆ ಅದಕ್ಕೆ ಹೊಂದುವ ಗ್ರಾಫೈಟ್ ಹುಡುಕಲು ಹೊರಟರೆ ಹುಡುಕಾಟ ಮುಗಿಯುವಷ್ಟರಲ್ಲಿ ಚಕ್ಕೆಯ ಮೇಲ್ಮೈ ಬದಲಾಗಿರುತ್ತದೆ.

ಪದರಗಳ ಎಣಿಕೆಗೆ ತುಸು ಹೆಚ್ಚಿನ ಗಮನ ಕೊಡಬೇಕು, ಏಕೆಂದರೆ ಈ ವಸ್ತುವಿನಲ್ಲಿ ಎಣಿಕೆಯೇ ಗುಣವನ್ನು ಬದಲಿಸುತ್ತದೆ. ಪ್ರತಿ ಪದರದೊಳಗೆ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ನಿಂತರೂ, ತೆಳು ಚಕ್ಕೆಗಳಲ್ಲಿ ಪಕ್ಕದ ಪದರ ವಿರುದ್ಧ ದಿಕ್ಕಿಗೆ ನಿಲ್ಲುತ್ತದೆ. ಹೀಗಾಗಿ ಎರಡು ಪದರಗಳ ಚಕ್ಕೆಯಲ್ಲಿ ಒಟ್ಟು ಕಾಂತತ್ವ ಶೂನ್ಯವಾಗುತ್ತದೆ, ಮೂರು ಪದರಗಳದ್ದರಲ್ಲಿ ಒಂದು ಪದರದಷ್ಟು ಉಳಿಯುತ್ತದೆ. ದಪ್ಪ ಸ್ಫಟಿಕವಾದರೆ ಸುಮಾರು 210ರಿಂದ 220 ಕೆಲ್ವಿನ್ ನಡುವೆ ತನ್ನ ಪದರಗಳ ಜೋಡಣೆಯನ್ನು ಬದಲಿಸಿಕೊಂಡು, ತಣ್ಣಗಾದಾಗ ಎಲ್ಲ ಪದರಗಳೂ ಒಂದೇ ದಿಕ್ಕಿಗೆ ನಿಲ್ಲುವ ಸ್ಥಿತಿಗೆ ಬರುತ್ತದೆ. ತೆಳು ಚಕ್ಕೆಗಳು ಕೊಠಡಿ ತಾಪದ ಜೋಡಣೆಯಲ್ಲಿಯೇ ಉಳಿದುಬಿಡುತ್ತವೆ, ವ್ಯತ್ಯಾಸದ ಮೂಲ ಅಲ್ಲಿದೆ.

285 ನ್ಯಾನೊಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಮೇಲೆ ಒಂದು, ಎರಡು, ಮೂರು ಪದರಗಳ ಬಣ್ಣದ ಗಾಢತೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು ಕಾಣುತ್ತದೆ. ಕಣ್ಣಂದಾಜನ್ನು ನಂಬದೆ, ಕ್ಯಾಮೆರಾ ಚಿತ್ರದಲ್ಲಿ ಚಕ್ಕೆಯ ಮತ್ತು ಪಕ್ಕದ ಖಾಲಿ ಆಕ್ಸೈಡ್‌ನ ಹೊಳಪಿನ ಅನುಪಾತವನ್ನು ಲೆಕ್ಕಹಾಕಬೇಕು. ಕೆಂಪು ಬೆಳಕಿನ ಫಿಲ್ಟರ್ ಬಳಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಒಂದು ಪದರದ ದಪ್ಪ ಸುಮಾರು 0.7 ನ್ಯಾನೊಮೀಟರ್, ಬೋರಾನ್ ನೈಟ್ರೈಡ್ ಹೊದಿಸಿದ ಕೆಲವು ಪರೀಕ್ಷಾ ಚಕ್ಕೆಗಳ ಎತ್ತರವನ್ನು ಒಮ್ಮೆ ಅಳೆದು, ಆ ಎತ್ತರಗಳಿಗೆ ಹೊಳಪಿನ ಅನುಪಾತಗಳನ್ನು ಹೊಂದಿಸಿ ನಿಮ್ಮ ಸೂಕ್ಷ್ಮದರ್ಶಕಕ್ಕೇ ಸೀಮಿತವಾದ ಒಂದು ಕೋಷ್ಟಕ ಮಾಡಿಕೊಂಡರೆ ಮುಂದೆ ಚಿತ್ರವೊಂದರಿಂದಲೇ ಎಣಿಸಬಹುದು. ಬೇರೆ ಪ್ರಯೋಗಾಲಯದ ಕೋಷ್ಟಕವನ್ನು ನೇರವಾಗಿ ಬಳಸಬಾರದು: ದೀಪ, ಲೆನ್ಸ್, ಆಕ್ಸೈಡ್‌ನ ದಪ್ಪ ಯಾವುದು ಬದಲಾದರೂ ಅನುಪಾತ ಬದಲಾಗುತ್ತದೆ. ಹುಡುಕುವಾಗ ದೀಪವನ್ನು ಮಂದವಾಗಿರಿಸಿ, ಚಿತ್ರ ತೆಗೆದೊಡನೆ ಆರಿಸಿ.

ಎತ್ತುವ ಸ್ಟ್ಯಾಂಪ್

ಸ್ಟ್ಯಾಂಪ್ ಎಂದರೆ ಗಾಜಿನ ಸ್ಲೈಡ್, ಅದರ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಪಿಡಿಎಂಎಸ್ ತುಂಡು, ಅದರ ಮೇಲೆ ಎಳೆದು ಕೂರಿಸಿದ ಪಾಲಿಕಾರ್ಬೊನೇಟ್‌ನ ತೆಳು ಪೊರೆ. ಪೊರೆಗಾಗಿ ಪಾಲಿಕಾರ್ಬೊನೇಟನ್ನು ಕ್ಲೋರೊಫಾರ್ಮ್‌ನಲ್ಲಿ ತೂಕದ ಶೇಕಡಾ ಆರರಷ್ಟು ಕರಗಿಸಿ, ಎರಡು ಗಾಜಿನ ಸ್ಲೈಡ್‌ಗಳ ನಡುವೆ ಹರಡಿ ಒಣಗಿಸಬೇಕು. ಕಿಟಕಿಯಂತೆ ರಂಧ್ರ ಕತ್ತರಿಸಿದ ಅಂಟುಪಟ್ಟಿಯಿಂದ ಪೊರೆಯನ್ನು ಎತ್ತಿ ಪಿಡಿಎಂಎಸ್ ಮೇಲೆ ಸುಕ್ಕಿಲ್ಲದಂತೆ ಕೂರಿಸಬೇಕು. ಪಿಡಿಎಂಎಸ್ ಮೇಲ್ಮೈ ಸಪಾಟಾಗಿರುವುದಕ್ಕಿಂತ ಸಣ್ಣ ಗುಮ್ಮಟದ ಆಕಾರದಲ್ಲಿದ್ದರೆ ಮೊದಲ ಸ್ಪರ್ಶ ಎಲ್ಲಿ ಆಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುತ್ತದೆ. ಕ್ಲೋರೊಫಾರ್ಮ್ ಕೆಲಸವೆಲ್ಲ ಹೊಗೆ ಹೀರುವ ಗೂಡಿನೊಳಗೇ ನಡೆಯಲಿ. ನೈಟ್ರೈಲ್ ಕೈಗವಸನ್ನು ಅದು ಬೇಗ ದಾಟುವುದರಿಂದ ಹನಿ ಬಿದ್ದೊಡನೆ ಕೈಗವಸು ಬದಲಿಸಬೇಕು.

ಪಾಲಿಪ್ರೊಪಿಲೀನ್ ಕಾರ್ಬೊನೇಟ್ ಎಂಬ ಇನ್ನೊಂದು ಪೊರೆಯೂ ಬಳಕೆಯಲ್ಲಿದೆ. ಅದು 40 ಡಿಗ್ರಿ ಆಸುಪಾಸಿನಲ್ಲಿ ಎತ್ತುತ್ತದೆ, 100 ಡಿಗ್ರಿ ಸಮೀಪದಲ್ಲಿ ಬಿಟ್ಟುಕೊಡುತ್ತದೆ. ಶಾಖಕ್ಕೆ ಹೆಚ್ಚು ಸೂಕ್ಷ್ಮವಾದ ಕಾಂತಗಳಿಗೆ ಅದು ಸೂಕ್ತ. ಆದರೆ ಅದರ ಹಿಡಿತ ಸಡಿಲ. ಐದು ಚಕ್ಕೆಗಳನ್ನು ಒಂದಾದ ಮೇಲೊಂದು ಎತ್ತಬೇಕಾದ ನಮ್ಮ ಸಾಧನಕ್ಕೆ ಪಾಲಿಕಾರ್ಬೊನೇಟ್ ಹೆಚ್ಚು ಭರವಸೆಯದು.

ಮೇಲಿನಿಂದ ಕೆಳಕ್ಕೆ ಕಟ್ಟುವುದು

ಕಟ್ಟುವ ಅನುಕ್ರಮ ಹೀಗೆ: ಮೊದಲು ಮೇಲಿನ ಬೋರಾನ್ ನೈಟ್ರೈಡ್, ಅದರಿಂದ ಮೇಲಿನ ಗ್ರಾಫೈಟ್, ಅವೆರಡರಿಂದ ಕ್ರೋಮಿಯಂ ಟ್ರೈಅಯೊಡೈಡ್, ಆಮೇಲೆ ಕೆಳಗಿನ ಗ್ರಾಫೈಟ್, ಕೊನೆಗೆ ಕೆಳಗಿನ ಬೋರಾನ್ ನೈಟ್ರೈಡ್. ಪ್ಲಾಸ್ಟಿಕ್ ಪೊರೆಯನ್ನು ಮುಟ್ಟುವುದು ಮೊದಲ ಬೋರಾನ್ ನೈಟ್ರೈಡ್ ಒಂದೇ. ಉಳಿದ ಪ್ರತಿಯೊಂದು ಚಕ್ಕೆಯೂ ತನ್ನ ಮೇಲಿನ ಚಕ್ಕೆಗೆ ವ್ಯಾನ್ ಡರ್ ವಾಲ್ಸ್ ಎಂಬ ದುರ್ಬಲ ಆಕರ್ಷಣೆಯಿಂದ ಮಾತ್ರ ಅಂಟಿಕೊಳ್ಳುತ್ತದೆ, ಆದುದರಿಂದ ಕಾಂತ ಹಾಳೆಯ ಎರಡು ಮುಖಗಳಲ್ಲಿ ಯಾವುದಕ್ಕೂ ಪಾಲಿಮರ್‌ನ ಶೇಷ ತಗಲುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಇಡುತ್ತ ಹೋಗುವ ಹಳೆಯ ಕ್ರಮದಲ್ಲಿ ಪ್ರತಿ ಹಂತದಲ್ಲೂ ಮೇಲ್ಮೈ ಕೊಳೆಯಾಗುತ್ತಿತ್ತು, ಅದನ್ನು ತೆಗೆಯಲು ಬೇಕಾದಷ್ಟು ತೀವ್ರವಾಗಿ ಕಾಯಿಸುವುದನ್ನು ಕ್ರೋಮಿಯಂ ಟ್ರೈಅಯೊಡೈಡ್ ತಾಳಲಾರದು.

ಚಿಪ್ಪನ್ನು ನಿರ್ವಾತದ ಹಿಡಿತವಿರುವ ಕಾದ ವೇದಿಕೆಯ ಮೇಲಿಟ್ಟು 80ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ತರಬೇಕು. ಸ್ಟ್ಯಾಂಪನ್ನು ಒಂದೆರಡು ಡಿಗ್ರಿಯಷ್ಟು ವಾಲಿಸಿ ನಿಧಾನವಾಗಿ ಇಳಿಸಿದಾಗ ಪೊರೆ ಚಿಪ್ಪನ್ನು ಮುಟ್ಟಿದ ಭಾಗದ ಗಡಿರೇಖೆ ಸೂಕ್ಷ್ಮದರ್ಶಕದಲ್ಲಿ ಬಣ್ಣದ ಅಂಚಿನಂತೆ ಕಾಣುತ್ತದೆ. ಚಾಪೆಯನ್ನು ಒಂದು ತುದಿಯಿಂದ ಬಿಡಿಸುತ್ತ ಹಾಸಿದ ಹಾಗೆ ಆ ರೇಖೆ ಚಕ್ಕೆಯ ಮೇಲೆ ಒಂದೇ ದಿಕ್ಕಿಗೆ ಸಾಗಬೇಕು. ಆಗ ನಡುವೆ ಇರುವ ಅನಿಲವೂ ಸೂಕ್ಷ್ಮ ಕೊಳೆಯೂ ಮುಂದಕ್ಕೆ ತಳ್ಳಲ್ಪಟ್ಟು ಅಂಚಿನಿಂದ ಹೊರಗೆ ಹೋಗುತ್ತವೆ. ರೇಖೆ ಚಕ್ಕೆಯ ಸಮೀಪಕ್ಕೆ ಬಂದ ಮೇಲೆ ಮೋಟಾರನ್ನು ನಿಲ್ಲಿಸಿ, ವೇದಿಕೆಯ ತಾಪವನ್ನು ಒಂದೊಂದೇ ಡಿಗ್ರಿ ಏರಿಸುತ್ತ ಹೋದರೆ ಪಿಡಿಎಂಎಸ್ ಹಿಗ್ಗಿ ರೇಖೆಯನ್ನು ತಾನೇ ಮುಂದೊಯ್ಯುತ್ತದೆ. ಮೋಟಾರಿಗಿಂತ ಈ ವಿಧಾನ ಎಷ್ಟೋ ಮೃದು. ಹಿಂದೆಗೆಯುವಾಗಲೂ ಇದೇ ಕ್ರಮವನ್ನು ತಿರುವುಮುರುವಾಗಿ ಅನುಸರಿಸಿ, ತಾಪ ಇಳಿಸುತ್ತ ರೇಖೆಯನ್ನು ಹಿಂದಕ್ಕೆ ಕರೆಯಬೇಕು. ಅವಸರದಲ್ಲಿ ಸ್ಟ್ಯಾಂಪ್ ಎಳೆದರೆ ಚಕ್ಕೆ ಅರ್ಧಕ್ಕೆ ಹರಿಯುತ್ತದೆ ಅಥವಾ ಹಿಂದೆಯೇ ಉಳಿಯುತ್ತದೆ.

ಎರಡನೆಯ ಚಕ್ಕೆಯಿಂದ ಮುಂದಕ್ಕೆ ಒಂದು ಎಚ್ಚರ ಬೇಕು. ಪ್ಲಾಸ್ಟಿಕ್ ಪೊರೆ ಬೋರಾನ್ ನೈಟ್ರೈಡ್‌ನ ಗಡಿಯಾಚೆ ಚಿಪ್ಪನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು. ಚಿಪ್ ಮೇಲಿನ ಬೇರೆ ದಪ್ಪ ಚೂರುಗಳನ್ನು ಅದು ಎತ್ತಿಕೊಂಡರೆ ಮುಂದಿನ ಸ್ಪರ್ಶದಲ್ಲಿ ಅವು ಅಡ್ಡಬರುತ್ತವೆ. ಆದ್ದರಿಂದ ಚಕ್ಕೆ ಆರಿಸುವಾಗಲೇ ಅದರ ಸುತ್ತ ನೂರು ಮೈಕ್ರೊಮೀಟರ್ ಜಾಗ ಖಾಲಿಯಿದೆಯೇ ಎಂದು ನೋಡಿರಬೇಕು.

ಕಾಂತ ಚಕ್ಕೆಯನ್ನು ಎತ್ತುವ ಹಂತದಲ್ಲಿ ಗ್ರಾಫೈಟ್ ಪಟ್ಟಿಯ ಜೊತೆಗೆ ಅದರ ಎರಡೂ ಪಕ್ಕದ ಬೋರಾನ್ ನೈಟ್ರೈಡ್ ಕೂಡ ಚಕ್ಕೆಯನ್ನು ಮುಟ್ಟುವಂತೆ ಹೊಂದಿಸಿದರೆ ಹಿಡಿತ ಬಲವಾಗುತ್ತದೆ. ಎತ್ತಿದ ಕೂಡಲೇ ಸ್ಟ್ಯಾಂಪಿನ ಚಿತ್ರ ತೆಗೆದು, ಚಕ್ಕೆ ಪೂರ್ತಿ ಬಂದಿದೆಯೇ, ಅಂಚು ಮಡಚಿದೆಯೇ ಎಂದು ಹಿಂದಿನ ಚಿತ್ರದೊಂದಿಗೆ ಹೋಲಿಸಬೇಕು. ತಿರುಚಿದ ಕೋನದ ರಚನೆ ಬೇಕಿದ್ದವರು ಒಂದೇ ಚಕ್ಕೆಯ ಅರ್ಧವನ್ನು ಎತ್ತಿ, ವೇದಿಕೆಯನ್ನು ಬೇಕಾದಷ್ಟು ಡಿಗ್ರಿ ತಿರುಗಿಸಿ, ಉಳಿದರ್ಧವನ್ನು ಅದರ ಕೆಳಗೆ ಎತ್ತಿಕೊಳ್ಳುವುದು ಈ ಹಂತದಲ್ಲಿಯೇ. ಎರಡೂ ತುಂಡುಗಳ ಸ್ಫಟಿಕ ಅಕ್ಷ ಮೂಲದಲ್ಲಿ ಒಂದೇ ಆಗಿರುವುದರಿಂದ ವೇದಿಕೆಯ ಕೋನವೇ ಹಾಳೆಗಳ ನಡುವಿನ ಕೋನವಾಗುತ್ತದೆ. ಹೀಗೆ ಕಟ್ಟಿದ ಕ್ರೋಮಿಯಂ ಟ್ರೈಅಯೊಡೈಡ್‌ನಲ್ಲಿ ಒಂದೇ ಚಕ್ಕೆಯೊಳಗೆ ಎರಡು ಬಗೆಯ ಕಾಂತೀಯ ಪ್ರದೇಶಗಳು ಪಕ್ಕಪಕ್ಕದಲ್ಲಿ ಇರುವುದನ್ನು 2021ರಲ್ಲಿ ವಜ್ರದೊಳಗಿನ ದೋಷಕೇಂದ್ರಗಳನ್ನು ಬಳಸುವ ಸೂಕ್ಷ್ಮದರ್ಶಕದಿಂದ ಕಂಡರು.

ಗುಳ್ಳೆಗಳು ಬಹುತೇಕ ಎಲ್ಲ ರಚನೆಗಳಲ್ಲೂ ಇರುತ್ತವೆ. ಹಾಳೆಗಳ ನಡುವೆ ಸಿಕ್ಕಿಕೊಂಡ ಹೈಡ್ರೊಕಾರ್ಬನ್ ಕೊಳೆ, ಪರಸ್ಪರ ಆಕರ್ಷಣೆಯ ಒತ್ತಡದಿಂದ ಅಲ್ಲಲ್ಲಿ ಗುಂಪಾಗಿ ಗುಳ್ಳೆಯಾಗುತ್ತದೆ. ಉಳಿದ ಜಾಗ ಅದರಿಂದಲೇ ಶುಚಿಯಾಗುತ್ತದೆ. ಹಾಗಾಗಿ ಗುಳ್ಳೆ ಕಂಡೊಡನೆ ಸಾಧನವನ್ನು ಎಸೆಯುವ ಅಗತ್ಯವಿಲ್ಲ. ಗ್ರಾಫೈಟ್‌ಗಳು ಅಡ್ಡಹಾಯುವ ಕೆಲವೇ ಚದರ ಮೈಕ್ರೊಮೀಟರ್ ಜಾಗದಲ್ಲಿ ಗುಳ್ಳೆ ಇರದಿದ್ದರೆ ಸಾಕು. ಕೆಳಗಿನ ಗ್ರಾಫೈಟನ್ನು ಎತ್ತುವ ಮುನ್ನ ಗುಳ್ಳೆಗಳ ನಕ್ಷೆ ನೋಡಿಕೊಂಡು ಪಟ್ಟಿಯನ್ನು ತುಸು ಸರಿಸಿ ಹೊಂದಿಸುವ ಅವಕಾಶ ನಿಮ್ಮ ಕೈಯಲ್ಲಿಯೇ ಇರುತ್ತದೆ, ನಕ್ಷೆಯಲ್ಲಿ ಹೆಚ್ಚುವರಿ ಜಾಗ ಬಿಟ್ಟದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇಳಿಸುವುದು ಮತ್ತು ತೊಳೆಯುವುದು

ಐದೂ ಚಕ್ಕೆಗಳು ಸ್ಟ್ಯಾಂಪಿನಲ್ಲಿ ಸೇರಿದ ಮೇಲೆ ಚಿನ್ನದ ಇಲೆಕ್ಟ್ರೋಡ್‌ಗಳ ಚಿಪ್ ಮೇಲೆ ಸ್ಥಾನ ಹೊಂದಿಸಿ ಇಳಿಸಿ, ತಾಪವನ್ನು 170ರಿಂದ 180 ಡಿಗ್ರಿಗೆ ಏರಿಸಬೇಕು. ಪಾಲಿಕಾರ್ಬೊನೇಟ್ ಆ ತಾಪದಲ್ಲಿ ಮೆದುವಾಗಿ ಪಿಡಿಎಂಎಸ್‌ನಿಂದ ಕಳಚಿ ಚಿಪ್ ಮೇಲೆ ಉಳಿಯುತ್ತದೆ. ಕಾಂತ ಹಾಳೆ ಈಗಾಗಲೇ ಎರಡೂ ಕಡೆ ಹೊದಿಕೆ ಪಡೆದಿರುವುದರಿಂದ ಇಷ್ಟು ಬಿಸಿಯನ್ನು ಕೆಲವು ನಿಮಿಷ ಸಹಿಸುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬಿಡಬಾರದು.

ಉಳಿದ ಪ್ಲಾಸ್ಟಿಕ್ಕನ್ನು ಕ್ಲೋರೊಫಾರ್ಮ್‌ನಲ್ಲಿ ಕರಗಿಸಿ ಐಸೊಪ್ರೊಪನಾಲ್‌ನಲ್ಲಿ ಜಾಲಿಸಬೇಕು. ಇದನ್ನು ಗ್ಲೌವ್ ಬಾಕ್ಸ್ ಒಳಗೆ ಮಾಡಲು ಹೋಗಬಾರದು, ಏಕೆಂದರೆ ಕ್ಲೋರಿನ್ ಇರುವ ದ್ರಾವಕಗಳ ಆವಿ ಅನಿಲ ಶುದ್ಧೀಕರಿಸುವ ತಾಮ್ರದ ವೇಗವರ್ಧಕವನ್ನು ಹಾಳುಮಾಡುತ್ತದೆ. ಹೊರಗೆ ತೊಳೆಯುವಾಗ ಹೊದಿಕೆಯ ಬೋರಾನ್ ನೈಟ್ರೈಡ್ ರಕ್ಷಣೆ ಕೊಡುತ್ತದೆ; ಕಾಂತ ಚಕ್ಕೆಯ ಅಂಚಿಗೂ ಹೊದಿಕೆಯ ಅಂಚಿಗೂ ನಡುವೆ ಕೆಲವು ಮೈಕ್ರೊಮೀಟರ್ ಅಂತರವಿದ್ದರೆ ದ್ರಾವಕ ಅಲ್ಲಿಯವರೆಗೆ ನುಗ್ಗಲಾರದು. ತೊಳೆದ ಚಿಪ್ಪನ್ನು ಕೂಡಲೇ ಬಾಕ್ಸ್‌ಗೆ ಮರಳಿಸಿ ಕತ್ತಲಲ್ಲಿಡಬೇಕು.

ಅಳತೆ

ತಂತಿ ಬೆಸೆಯುವಾಗ ಸಾಧನದ ಎಲ್ಲ ತುದಿಗಳನ್ನೂ ನೆಲಸಂಪರ್ಕದಲ್ಲಿಡಬೇಕು. ಕೆಲವೇ ಪದರಗಳ ಸುರಂಗ ತಡೆಗೋಡೆಯನ್ನು ಮೈಯ ಸ್ಥಿರ ವಿದ್ಯುತ್ ಒಂದು ಕ್ಷಣದಲ್ಲಿ ಸುಟ್ಟುಬಿಡಬಲ್ಲದು, ಅದುವರೆಗಿನ ಶ್ರಮವೆಲ್ಲ ಹೊರಗೆ ಏನೂ ಕಾಣದಂತೆ ಹೋಗುತ್ತದೆ. ಮೊದಲು ಕೊಠಡಿ ತಾಪದಲ್ಲಿ ಮಿಲಿವೋಲ್ಟ್‌ಗಳ ಮಟ್ಟದಲ್ಲಿ ನಿರೋಧ ನೋಡಿ, ಪ್ರತಿ ಗ್ರಾಫೈಟ್‌ಗೂ ಎರಡು ಇಲೆಕ್ಟ್ರೋಡ್‌ಗಳಿದ್ದರೆ ಅವುಗಳ ನಡುವಿನ ಸಂಪರ್ಕವನ್ನೂ ಪರೀಕ್ಷಿಸಬೇಕು. ತಡೆಗೋಡೆಯ ಮೂಲಕದ ನಿರೋಧ ತಣ್ಣಗಾಗುತ್ತ ಹೋದಂತೆ ಗಣನೀಯವಾಗಿ ಏರಬೇಕು. ಏರದಿದ್ದರೆ ಎರಡು ಗ್ರಾಫೈಟ್‌ಗಳು ಎಲ್ಲೋ ತಾಗಿವೆ ಎಂದರ್ಥ.

10 ಕೆಲ್ವಿನ್‌ಗಿಂತ ಕೆಳಗೆ, ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನು ಸೊನ್ನೆಯಿಂದ ಎರಡೂವರೆ ಟೆಸ್ಲಾವರೆಗೆ ಏರಿಸಿ, ಸೊನ್ನೆ ದಾಟಿಸಿ ವಿರುದ್ಧ ದಿಕ್ಕಿಗೂ ಅಷ್ಟೇ ಒಯ್ದು ಮರಳಿಸುತ್ತ ಪ್ರವಾಹವನ್ನು ದಾಖಲಿಸಬೇಕು. ಪದರಗಳು ವಿರುದ್ಧ ದಿಕ್ಕಿಗೆ ನಿಂತಿರುವಾಗ ಒಂದು ಪದರ ದಾಟಿಸಿದ ಸ್ಪಿನ್ ದಿಕ್ಕಿನ ಇಲೆಕ್ಟ್ರಾನನ್ನು ಮುಂದಿನ ಪದರ ತಡೆಯುತ್ತದೆ, ಪ್ರವಾಹ ಕಡಿಮೆಯಿರುತ್ತದೆ. ಕ್ಷೇತ್ರವು ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದ ಕ್ಷಣ ಪ್ರವಾಹ ಹಠಾತ್ತನೆ ಜಿಗಿಯುತ್ತದೆ. ಎರಡು ಪದರಗಳ ಸಾಧನದಲ್ಲಿ ಈ ಜಿಗಿತ 0.6ರಿಂದ 0.7 ಟೆಸ್ಲಾ ಸುತ್ತ ಒಮ್ಮೆ ಮಾತ್ರ ಕಾಣಬೇಕು. ನಾಲ್ಕು ಪದರಗಳದ್ದಾದರೆ ಒಂದೇ ಬದಿಯಲ್ಲಿ ನೆರೆಯ ಪದರವುಳ್ಳ ಹೊರಪದರ ಕಡಿಮೆ ಕ್ಷೇತ್ರದಲ್ಲಿಯೂ, ಎರಡೂ ಬದಿಗಳಲ್ಲಿ ನೆರೆಯುಳ್ಳ ಒಳಪದರ 1.8 ಟೆಸ್ಲಾ ಆಸುಪಾಸಿನಲ್ಲಿಯೂ ತಿರುಗುತ್ತವೆ. 2018ರಲ್ಲಿ ಇಂಥ ನಾಲ್ಕು ಪದರಗಳ ಸಾಧನದಲ್ಲಿ ಶೇಕಡಾ 19,000ದಷ್ಟು ಕಾಂತನಿರೋಧ ವರದಿಯಾಯಿತು. ಎತ್ತುವ ಸ್ಟ್ಯಾಂಪಿನಿಂದ ಕಟ್ಟಿದ ರಚನೆಯೊಂದು ಇಷ್ಟು ಕೊಡಬಲ್ಲದು ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ.

ಜಿಗಿತಗಳ ಸಂಖ್ಯೆ ನಿಮ್ಮ ಎಣಿಕೆಗೆ ಹೊಂದದಿದ್ದರೆ ಮೊದಲು ಬಣ್ಣದ ಕೋಷ್ಟಕವನ್ನು ಸಂಶಯಿಸಿ. ಎಣಿಕೆ ಸರಿಯಿದ್ದೂ ಎರಡು ಪದರಗಳ ಚಕ್ಕೆ ಶೂನ್ಯ ಕ್ಷೇತ್ರದಲ್ಲಿ ಕಾಂತತ್ವ ಉಳಿಸಿಕೊಂಡಿದ್ದರೆ ಪದರಗಳ ಜೋಡಣೆಯೇ ಎಲ್ಲೋ ಜರುಗಿರಬಹುದು. ಒತ್ತಡ ಹಾಕಿ ಎರಡು ಪದರಗಳ ಜೋಡಣೆಯನ್ನು ಬದಲಿಸಿ ಅವುಗಳ ಕಾಂತೀಯ ಸಂಬಂಧವನ್ನೇ ತಿರುಗಿಸಬಹುದು ಎಂಬುದು 2019ರಲ್ಲಿ ಸಾಬೀತಾಗಿದೆ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡವೊಂದು, ಹೊದಿಕೆ ಅಕಸ್ಮಾತ್ತಾಗಿ ಚುಚ್ಚಲ್ಪಟ್ಟ ಚಕ್ಕೆಯಲ್ಲಿ ಪದರಗಳ ಕಾಂತೀಯ ಸಂಬಂಧ ಬದಲಾಗಿದ್ದನ್ನು ವರದಿ ಮಾಡಿತು. ಆದುದರಿಂದ ಗುಳ್ಳೆಗಳನ್ನು ಸರಿಸಲೆಂದು ಅಣುಬಲ ಸೂಕ್ಷ್ಮದರ್ಶಕದ ಮೊನೆಯಿಂದ ಮೇಲ್ಮೈಯನ್ನು ಒತ್ತಿ ಉಜ್ಜುವ ಕ್ರಮವನ್ನು ಕಾಂತ ರಚನೆಗಳ ಮೇಲೆ, ಅದರಲ್ಲೂ ಅಳತೆಗೆ ಮೊದಲು, ಬಳಸಬಾರದು. ಪ್ರತಿ ಸಾಧನಕ್ಕೂ ಅದರ ಎಲ್ಲ ಹಂತಗಳ ಚಿತ್ರ, ತಾಪ, ಕಾಂತ ಚಕ್ಕೆ ಬಿಡಿಸಿದ ಮತ್ತು ಹೊದಿಸಿದ ಸಮಯ ಇವನ್ನು ಒಂದೇ ಕಡೆ ಬರೆದಿಟ್ಟಿದ್ದರೆ ಇಂಥ ವ್ಯತ್ಯಾಸ ಯಾವ ಹಂತದಲ್ಲಿ ಸೇರಿತು ಎಂಬುದನ್ನು ಹಿಂದೆ ಹೋಗಿ ಪತ್ತೆಹಚ್ಚಬಹುದು.